ಕಲ್ಲಿನ ಗುಡಾಣಗಳ ಬಯಲಿಗೆ ಹೊರಟವರಿಗೆ

ಲಾವೋಸ್‌ಗೆ ಹೋದವರು ಸಾಮಾನ್ಯವಾಗಿ ಲುವಾಂಗ್ ಪ್ರಬಾಂಗ್, ವಾಂಗ್ ವಿಯೆಂಗ್ ನೋಡಿಕೊಂಡು ವಾಪಸಾಗುತ್ತಾರೆ. ಕಲ್ಲಿನ ಗುಡಾಣಗಳ ಬಯಲು ಇರುವ ಫೋನ್ಸವಾನ್ ದಾರಿಯಲ್ಲಿ ಸಿಗುವ ಊರಲ್ಲ, ಅಲ್ಲಿಗೆಂದೇ ಹೋಗಬೇಕು. ಡಿಸೆಂಬರ್‌ನಲ್ಲಿ ಹೋಗಿ ಮೂರು ದಿನ ಇದ್ದು ಬಂದೆ. ಒಂದೇ ದಿನದಲ್ಲಿ ನೋಡಿ ಮುಗಿಸಬಹುದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

2021ರಲ್ಲಿ ಶುರುವಾದ ರೈಲು ಈ ಕಡೆಗೆ ಬರುವುದಿಲ್ಲ. ವಿಯೆಂಟಿಯಾನ್‌ನಿಂದ ಬಸ್ಸಿನಲ್ಲಿ ಹತ್ತು ಗಂಟೆಯಾದರೂ ಬೇಕು, ವಿಮಾನದಲ್ಲಿ ಒಂದು ಗಂಟೆಯೊಳಗೆ ಮುಟ್ಟಬಹುದು. ನಾನು ಲುವಾಂಗ್ ಪ್ರಬಾಂಗ್‌ನಿಂದ ಮಿನಿವ್ಯಾನ್ ಹಿಡಿದೆ. ಫೂ ಖೂನ್ ಘಾಟಿಯ ತಿರುವುಗಳಲ್ಲಿ ಹಿಂದಿನ ಸೀಟಿನಲ್ಲಿದ್ದವರೆಲ್ಲ ವಾಂತಿ ಮಾಡಿಕೊಂಡರು. ಹೇಗಾದರೂ ಮಾಡಿ ಮುಂದಿನ ಸೀಟು ಹಿಡಿಯಿರಿ. ಇನ್ನೊಂದು ವಿಷಯ ಚಳಿ. ಊರು ಇರುವುದು ಸುಮಾರು 1,100 ಮೀಟರ್ ಎತ್ತರದಲ್ಲಿ. ಹತ್ತಿ ಅಂಗಿಯಲ್ಲಿ ಇಳಿದ ನಾನು ಆ ರಾತ್ರಿಯೇ ಸಂತೆಯಲ್ಲಿ ಸ್ವೆಟರ್ ಕೊಳ್ಳಬೇಕಾಯಿತು.

ಗುಡಾಣ ನೋಡಲು ಓಡುವ ಮೊದಲು, ಪೇಟೆಯ ಮುಖ್ಯರಸ್ತೆಯಲ್ಲಿರುವ ಮ್ಯಾಗ್ ಸಂಸ್ಥೆಯ ಮಾಹಿತಿ ಕೇಂದ್ರಕ್ಕೆ ಹೋಗಿ. ಸಿಡಿಯದೆ ಉಳಿದ ಬಾಂಬುಗಳನ್ನು ತೆಗೆಯುವುದೇ ಇವರ ಕೆಲಸ. 1964ರಿಂದ 1973ರವರೆಗೆ ಅಮೆರಿಕ ಈ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿಯಿತು. ಸರಾಸರಿ ಲೆಕ್ಕ ಹಾಕಿದರೆ ಒಂಬತ್ತು ವರ್ಷ, ಹಗಲೂ ರಾತ್ರಿ, ಎಂಟು ನಿಮಿಷಕ್ಕೊಂದು ವಿಮಾನದ ಹೊರೆ. ಕ್ಲಸ್ಟರ್ ಬಾಂಬುಗಳ ಒಳಗಿಂದ ಚೆಲ್ಲಿದ ಸಣ್ಣ ಗುಂಡುಗಳೇ ಸುಮಾರು 27 ಕೋಟಿ, ಅವುಗಳಲ್ಲಿ ಶೇ 30ರಷ್ಟು ಸಿಡಿಯಲೇ ಇಲ್ಲ ಎಂಬ ಅಂದಾಜಿದೆ. ಅಲ್ಲಿಯವರು ಅದಕ್ಕೆ 'ಬೊಂಬಿ' ಅನ್ನುತ್ತಾರೆ. ಗಾತ್ರ ಒಂದು ಟೆನಿಸ್ ಚೆಂಡಿನಷ್ಟು, ಮಕ್ಕಳು ಆಟದ ಸಾಮಾನು ಅಂದುಕೊಂಡು ಎತ್ತಿಕೊಳ್ಳುವಂಥದ್ದು. ಇದನ್ನು ತಿಳಿದುಕೊಂಡು ಬಯಲಿಗೆ ಇಳಿದರೆ ಕಾಲು ತಾನಾಗಿಯೇ ನಿಧಾನವಾಗುತ್ತದೆ.

ಮೊದಲನೇ ತಾಣ ಊರಿಗೆ ಹತ್ತಿರ. ಬೆಳಿಗ್ಗೆ ಬೇಗ ಹೋಗಿ, ಮಂಜು ಇನ್ನೂ ಇರುವಾಗ. ಹುಲ್ಲುಗಾವಲಿನ ತುಂಬ 300ಕ್ಕೂ ಹೆಚ್ಚು ಕಲ್ಲಿನ ಗುಡಾಣಗಳು, ಕೆಲವು ನೆಟ್ಟಗೆ, ಕೆಲವು ವಾಲಿಕೊಂಡು, ಕೆಲವು ಸೀಳಿ ಎರಡಾಗಿ. ದೊಡ್ಡದು ಆಳಿಗಿಂತ ಎತ್ತರ. ಒಂದರೊಳಗೆ ಬಗ್ಗಿ ನೋಡಿದೆ. ಒಳಗೋಡೆಯಲ್ಲಿ ಉಳಿಯ ಗುರುತು, ತಳದಲ್ಲಿ ಮಳೆನೀರು, ಅದರ ಮೇಲೊಂದು ಒಣ ಎಲೆ. ಯುದ್ಧ ಗೆದ್ದ ಖುನ್ ಚೆಯುಂಗ್ ಎಂಬ ರಾಜ ಅಕ್ಕಿಯ ಹೆಂಡ ಇಳಿಸಲು ಇವನ್ನು ಮಾಡಿಸಿದ ಎಂಬುದು ಊರವರ ಕಥೆ. 1930ರ ದಶಕದಲ್ಲಿ ಅಗೆದ ಫ್ರೆಂಚ್ ಸಂಶೋಧಕಿ ಮ್ಯಾಡಲೀನ್ ಕೊಲಾನಿಗೆ ಪಕ್ಕದ ಗುಹೆಯಲ್ಲಿ ಸುಟ್ಟ ಎಲುಬು, ಬೂದಿ ಸಿಕ್ಕವು. ಗುಹೆಯ ಮಾಡಿನಲ್ಲಿ ಹೊಗೆ ಹೋಗಲು ಮಾಡಿದಂತಿರುವ ಕಿಂಡಿಗಳನ್ನು ಈಗಲೂ ನೋಡಬಹುದು. ಶವಸಂಸ್ಕಾರಕ್ಕೆ ಸಂಬಂಧಿಸಿದ ಜಾಗ ಎಂಬುದು ಇಂದಿನ ಪುರಾತತ್ವಜ್ಞರ ಮಾತು. 2019ರಲ್ಲಿ ಇಂಥ 15 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ನೆಲ ನೋಡಿಕೊಂಡೇ ನಡೆಯಿರಿ. ಅಂಗೈಯಗಲದ ಸಿಮೆಂಟ್ ಬಿಲ್ಲೆಗಳನ್ನು ಮಣ್ಣಿನ ಮಟ್ಟಕ್ಕೆ ಹೂತಿದ್ದಾರೆ, ಅರ್ಧ ಬಿಳಿ, ಅರ್ಧ ಕೆಂಪು. ಬಿಳಿಯ ಕಡೆ ನೆಲದಡಿಯವರೆಗೂ ಶೋಧಿಸಿದ್ದಾರೆ. ಕೆಂಪಿನ ಕಡೆ ಮೇಲ್ಮೈ ಮಾತ್ರ ನೋಡಿರುವುದು. ಫೋಟೋಕ್ಕೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದಾಗ ಗೈಡ್ ಮಾತಾಡದೆ ನನ್ನ ತೋಳು ಹಿಡಿದು ಎಳೆದ. ನೋಡಿದರೆ ನನ್ನ ಹಿಮ್ಮಡಿಯ ಪಕ್ಕದಲ್ಲೇ ಕೆಂಪು. ಇಷ್ಟು ಸಾಕಲ್ಲ, ಸ್ಥಳೀಯ ಗೈಡ್ ಏಕೆ ಬೇಕು ಅನ್ನುವುದಕ್ಕೆ. ಅವನ ಅಜ್ಜಿ ಆ ವರ್ಷಗಳಲ್ಲಿ ಹಗಲು ಗುಹೆಯಲ್ಲಿದ್ದು, ರಾತ್ರಿ ಗದ್ದೆಗೆ ಇಳಿಯುತ್ತಿದ್ದರಂತೆ. ಇದನ್ನವನು ಹೇಳಿದ್ದು ಗುಡಾಣಗಳ ನಡುವೆಯೇ ಇದ್ದ ಬಾಂಬ್ ಗುಂಡಿಯ ಅಂಚಿನಲ್ಲಿ ನಿಂತು. ಗುಡಾಣಗಳ ಮೇಲೆ ಹತ್ತಬೇಡಿ, ಒಳಗೆ ಇಳಿಯಬೇಡಿ.

ಎರಡನೇ ಮತ್ತು ಮೂರನೇ ತಾಣಗಳನ್ನು ಒಂದೇ ಮಧ್ಯಾಹ್ನದಲ್ಲಿ ನೋಡಬಹುದು. ಎರಡನೆಯದರಲ್ಲಿ ಗುಡಾಣವನ್ನು ಸೀಳಿಕೊಂಡು ಬೆಳೆದ ಮರವಿದೆ. ಮೂರನೆಯದಕ್ಕೆ ಗದ್ದೆಯ ಬದುವಿನ ಮೇಲೆ ನಡೆದು ಹೋಗಬೇಕು, ನನಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು. ಮಳೆಗಾಲದಲ್ಲಿ ಅಲ್ಲೆಲ್ಲ ಕೆಸರು, ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಎರಡನೇ ದಿನವನ್ನು ಥಾಮ್ ಪಿಯು ಗುಹೆಗೆ ಇಡಿ. 1968ರ ನವೆಂಬರ್ 24ರಂದು ಒಳಗೆ ಅಡಗಿದ್ದವರ ಮೇಲೆ ರಾಕೆಟ್ ಬಿತ್ತು, ಅಲ್ಲಿಯ ಲೆಕ್ಕದಲ್ಲಿ ಸತ್ತವರು 374 ಜನ. ಗೋಡೆ ಇಂದಿಗೂ ಕಪ್ಪು. ಒಳಗೆ ಜೋರಾಗಿ ಮಾತಾಡಬೇಡಿ, ಊದುಬತ್ತಿ ಹಚ್ಚಲು ಅದೇ ಊರಿನವರು ಬರುತ್ತಿರುತ್ತಾರೆ.

ಬಾನ್ ನಾಪಿಯಾ ಎಂಬ ಹಳ್ಳಿಯಲ್ಲಿ ಯುದ್ಧದ ಅಲ್ಯೂಮಿನಿಯಂ ಕರಗಿಸಿ ಚಮಚ ಎರಕ ಹೊಯ್ಯುತ್ತಾರೆ. ಹೆಂಗಸೊಬ್ಬರು ಮಣ್ಣಿನ ಒಲೆಯಿಂದ ಸೌಟಿನಲ್ಲಿ ಬೆಳ್ಳಗಿನ ರಸ ತೆಗೆದು ಅಚ್ಚಿಗೆ ಸುರಿದರು, ಐದಾರು ಸಲ ಉಸಿರಾಡುವಷ್ಟರಲ್ಲಿ ಚಮಚ ಸಿದ್ಧ. ಕೊಳ್ಳಬೇಕೋ ಬೇಡವೋ ಎಂಬ ಗೊಂದಲ ನನಗೂ ಇತ್ತು, ಏಕೆಂದರೆ ಗುಜರಿಗಾಗಿ ಅಗೆಯಲು ಹೋಗಿ ಸತ್ತವರಿದ್ದಾರೆ. ಕೊನೆಗೆ ಎದುರಿಗೇ ಮಾಡಿದ ಒಂದನ್ನು ಕೊಂಡೆ. ಬಾಂಬಿನ ತುಣುಕನ್ನು ಮಾತ್ರ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಹಳ್ಳಿಗಳಿಗೆ ಕಿಪ್ ನೋಟು ಇಟ್ಟುಕೊಂಡೇ ಹೋಗಿ, ಎಟಿಎಂ ಇರುವುದು ಪೇಟೆಯಲ್ಲಿ. ಮಾಂಸ ತಿನ್ನದವರು 'ಕಿನ್ ಜೇ' ಅನ್ನಬೇಕು. ಆದರೂ ಮೀನಿನ ಸಾರ ಹಾಕಬೇಡಿ ಅಂತ ಬೇರೆಯಾಗಿಯೇ ಹೇಳಿಸಿ. ಅಂಟಕ್ಕಿಯ ಅನ್ನ, ಬೇಯಿಸಿದ ಸೊಪ್ಪು ಎಲ್ಲ ಕಡೆ ಸಿಗುತ್ತದೆ.

ಕೊನೆಯ ಮಧ್ಯಾಹ್ನ ಮುವಾಂಗ್ ಖೂನ್‌ಗೆ ಹೋಗಿ. ಇದು ಈ ಪ್ರಾಂತ್ಯದ ಹಳೆಯ ರಾಜಧಾನಿ. ಬಾಂಬಿಗೆ ಸಿಕ್ಕಿ ಊರೇ ನೆಲಸಮವಾದ ಮೇಲೆ ಫೋನ್ಸವಾನ್ ಎದ್ದದ್ದು. ವಾಟ್ ಫಿಯಾ ವಾಟ್ ಎಂಬ ಬೌದ್ಧ ಗುಡಿಯಲ್ಲಿ ಮಾಡು ಹೋಗಿ ಇಟ್ಟಿಗೆ ಕಂಬಗಳಷ್ಟೇ ನಿಂತಿವೆ, ನಡುವೆ ಬಯಲಿನಲ್ಲೇ ಕೂತ ದೊಡ್ಡ ಬುದ್ಧ. ನಾನು ಹೋದಾಗ ತೊಡೆಯ ಬಳಿ ಯಾರೋ ಆಗಷ್ಟೇ ಇಟ್ಟ ಚೆಂಡುಹೂವಿತ್ತು. ಅಲ್ಲಿಂದ ಕತ್ತಲಾಗುವ ಮೊದಲೇ ಹೊರಡಿ, ರಸ್ತೆಯ ಮೇಲೆ ದನಗಳು ಮಲಗಿರುತ್ತವೆ.