ಮಿನಾರಿನ ಜಾಗದಲ್ಲಿ ಜೋಳದ ದಂಟು: ಆರನೇ ವಾರ

ಹೊಸದಾಗಿ ಓದುವವರಿಗೆ: ಇದು ನಮ್ಮ ಬೀದರಿನ ಗವಾನ್ ಮದರಸಾದ ಚಿತ್ರ. 2 ಅಡಿ ಅಗಲ, 3 ಅಡಿ ಎತ್ತರದ ಕ್ಯಾನ್ವಾಸ್, ಅಕ್ರಿಲಿಕ್ ಬಣ್ಣ. 1472ರಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಈ ಮದರಸಾಕ್ಕೆ ಮುಂದೆ ಎರಡು ಮಿನಾರು ಇದ್ದವು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಹೋಯಿತು. ಆ ಖಾಲಿ ಜಾಗದಲ್ಲಿ ನಾನು ಜೋಳದ ದಂಟು ನಿಲ್ಲಿಸಿದ್ದೇನೆ, ಉಳಿದ ಮಿನಾರಿನಷ್ಟೇ ಎತ್ತರ. ಅದನ್ನು ಒಂದು ಕರಿ ಆಡು ಹತ್ತುತ್ತಿದೆ.

ಈ ವಾರ ಟೈಲ್ಸ್ ಕೆಲಸವೇ ಜಾಸ್ತಿ. ಮಿನಾರಿನ ಮೇಲೆ ಅವು ಅಂಕುಡೊಂಕಾಗಿ ಸಾಲು ಹಿಡಿದಿವೆ, ಅಲ್ಲಲ್ಲಿ ಉದುರಿವೆ. ನೀಲಿ ಒಂದೇ ಸಮ ಹಚ್ಚಿದರೆ ಜೀವ ಬರಲಿಲ್ಲ. ಒಂದಕ್ಕೆ ಸ್ವಲ್ಪ ಬಿಳಿ, ಪಕ್ಕದ್ದಕ್ಕೆ ಚೂರು ಹಸಿರು ಬೆರೆಸಿ ಒಂದೊಂದಾಗಿ ಹಚ್ಚಿದೆ. ಈಗ ಬಿಸಿಲು ಬಿದ್ದ ಹಾಗಿದೆ.

ಭಾನುವಾರ ಒಣಗಲಿ ಅಂತ ಹೊರಗೆ ಕಟ್ಟೆ ಮೇಲೆ ಇಟ್ಟಿದ್ದೆ. ಓಣಿಯವರು ನಿಂತು ನೋಡಿದರು. ನಾನು ಸುಮ್ನೆ ಖುಷಿಗೆ ತೆಗೆದ ಆಡು ಅದು. ಎದುರುಮನೆ ಅಜ್ಜಿಗೆ ಆಡು ಕಾಣಲೇ ಇಲ್ಲ. "ಎಳ್ಳಮಾಸಿ ಹೊಲ ಅಲ್ಲೇನೋ ತಮ್ಮಾ? ಚರಗ ಚೆಲ್ಲಾಕ ಹೋಗ್ತಿದ್ವಿ" ಅಂದರು. ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಬೆಳೆಗೆ ಎಡೆ ಚೆಲ್ಲುವುದೇ ಚರಗ. ಗೌಂಡಿ ಕೆಲಸ ಮಾಡಿದ ಕಾಕಾ ದಂಟಿನ ಗೆಣ್ಣುಗಳನ್ನೇ ನೋಡುತ್ತಿದ್ದರು. "ಕಾಲಿಡೋ ಜಾಗ ಬರೋಬ್ಬರಿ ಆದ. ಬೀಳಂಗಿಲ್ಲ" ಅಂದರು. ಎಷ್ಟೋ ವರ್ಷ ಬೊಂಬು ಕಟ್ಟಿಕೊಂಡು ಗೋಡೆ ಮೇಲೆ ನಿಂತವರು ಅವರು. ನಾನು ಆ ಗೊರಸುಗಳನ್ನು ಲೆಕ್ಕ ಹಾಕಿ ಇಟ್ಟಿರಲಿಲ್ಲ, ಅಂದಾಜಿಗೆ ಬಂದಿದ್ದವು.

ಪಕ್ಕದ ಮನೆ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಅವರ ಮಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ. "ಹತ್ತೇನೋ ಹತ್ಯದ. ಇಳಿಯೋದು ಹೆಂಗ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಆಡಿನ ಪಕ್ಕ ಒಂದು ಹಗ್ಗ ಇಳಿಬಿಟ್ಟೆ. ನೋಡಿದರೆ ಚಿತ್ರ ಅಕ್ಕನೊಬ್ಬರದೇ ಆಗಿಹೋಗಿತ್ತು. ಅಜ್ಜಿಯ ಹೊಲಕ್ಕೆ ಹಗ್ಗ ಯಾಕೆ ಬೇಕು? ಬಣ್ಣ ಹಸಿ ಇರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿದೆ. ಬೆಳಗ್ಗೆ ಆಡಿನ ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿಸಿದೆ, ಕೆಳಗಿನಿಂದ ಯಾರೋ ಕರೆದಾಗ ತಿರುಗುತ್ತದಲ್ಲ, ಹಾಗೆ.

ತುದಿಯ ತೆನೆಗೆ ಕಾಳು ಬಿಡಿಸುವುದು ಬಾಕಿ ಇದೆ. ಆಮೇಲೆ ವಾರ್ನಿಷ್.