ಡಬ್ಬಿಯ ಹಿಂಬದಿ

ಅಮೆರಿಕದ ಕಪ್ಪು ಹೆಣ್ಣುಮಕ್ಕಳಿಗೆಂದು ಮಾರುವ ರಿಲ್ಯಾಕ್ಸರ್, ಅಂದರೆ ಗುಂಗುರು ಕೂದಲು ನೇರ ಮಾಡುವ ಕ್ರೀಮು. ಡಬ್ಬಿಯ ಮುಂದೆ ನಗುಮುಖ, ಆತ್ಮವಿಶ್ವಾಸದ ಮಾತು. ಹಿಂದೆ ತಿರುಗಿಸಿದರೆ ಸೋಡಿಯಂ ಹೈಡ್ರಾಕ್ಸೈಡ್. ಪೈಪು ಕಟ್ಟಿಕೊಂಡಾಗ ಸುರಿಯುತ್ತೇವಲ್ಲ, ಅದೇ ಕಾಸ್ಟಿಕ್ ಸೋಡಾ!

'ನೋ ಲೈ', ಅಂದರೆ ಈ ಕಾಸ್ಟಿಕ್ ಸೋಡಾ ಇಲ್ಲ ಅಂತ ಬರೆದಿದ್ದರೆ ಸೌಮ್ಯ ಅಂದುಕೊಳ್ಳಬೇಡಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕ್ರೀಮಿಗೆ ಗ್ವಾನಿಡಿನ್ ಕಾರ್ಬೊನೇಟ್ ಕಲಸಿದಾಗ ಹುಟ್ಟುವುದೂ ಪ್ರಬಲ ಕ್ಷಾರವೇ. ಮೇಲಾಗಿ ಕ್ಯಾಲ್ಸಿಯಂ ಕೂತು ಕೂದಲು ಒರಟಾಗುತ್ತದೆ. ಎರಡು ತಿಂಗಳಿಗೊಮ್ಮೆ ಬುಡದ ಹೊಸ ಕೂದಲಿಗೆ ಮತ್ತೆ ಹಚ್ಚಬೇಕು. ಹಳೆಯ ಭಾಗಕ್ಕೆ ತಾಗಿದರೆ ಅಲ್ಲೇ ತುಂಡಾಗುತ್ತದೆ. ಮೊದಲೇ ತಲೆ ಕೆರೆದುಕೊಂಡಿದ್ದರೆ ನೆತ್ತಿ ಸುಡುತ್ತದೆ.

2022ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ 33,497 ಮಹಿಳೆಯರ ಅಧ್ಯಯನ ಪ್ರಕಟಿಸಿತು. ಕೂದಲು ನೇರ ಮಾಡುವ ಉತ್ಪನ್ನ ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಶೇ. 1.64, ಪದೇಪದೇ ಬಳಸುವವರಲ್ಲಿ ಶೇ. 4.05. ಇದು ನಂಟು, ಕಾರಣ ಸಾಬೀತಾಗಿಲ್ಲ. ಆದರೆ ಬಳಸುತ್ತೇವೆ ಎಂದವರಲ್ಲಿ ಸುಮಾರು ಶೇ. 60 ಮಂದಿ ಕಪ್ಪು ಮಹಿಳೆಯರು.

ಈಗ ಗಾಳಿ ತಿರುಗಿದೆ, 'ಸಹಜ ಕೂದಲೇ ಹೆಮ್ಮೆ' ಅನ್ನುವ ಜಾಹೀರಾತು. ಕೂದಲಿನ ಹೆಸರಲ್ಲಿ ತಾರತಮ್ಯ ಬೇಡ ಎನ್ನುವ ಕ್ರೌನ್ ಕಾಯ್ದೆ 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಬಂತು, ಡವ್ ಅದಕ್ಕೆ ಬೆನ್ನಿಗೆ ನಿಂತಿತ್ತು. ಒಳ್ಳೆಯ ಕೆಲಸವೇ, ಅಲ್ಲಗಳೆಯಲ್ಲ. ಆದರೆ 2017ರಲ್ಲಿ ಕಪ್ಪು ಹುಡುಗಿ ಅಂಗಿ ಕಳಚಿದರೆ ಬಿಳಿ ಹುಡುಗಿ ಬರುವ ಜಾಹೀರಾತು ಹಾಕಿ ಕ್ಷಮೆ ಕೇಳಿದ್ದೂ ಇದೇ ಡವ್. ಅದರ ಒಡೆಯ ಯೂನಿಲಿವರ್. ನಮ್ಮೂರ ಅಂಗಡಿಯ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತಲ್ಲ, ಅದೂ ಅವರದ್ದೇ.