ಇದಕ್ಕೆ ಸಕ್ಕರೆ ಹಾಕ್ತಾರಾ?

ಊರಿಂದ ಜರ್ಮನಿಗೆ ಬಂದ ಗೆಳೆಯರಿಗೆ ಡೊಪ್ಪೆಲ್‌ಬಾಕ್ ಎಂಬ ಇಲ್ಲಿನ ಸ್ಟ್ರಾಂಗ್ ಬಿಯರ್‌ನ ಬಾಟಲಿಯೊಂದನ್ನು ತೆರೆದು ಕೊಟ್ಟರೆ ಮೊದಲ ಗುಟುಕಿಗೇ ಪ್ರಶ್ನೆ ಬರುತ್ತದೆ. "ಏನೋ ಇದು ಇಷ್ಟು ಸಿಹಿ! ಸಕ್ಕರೆ ಹಾಕ್ತಾರಾ?" ಅದರ ಬೆನ್ನಿಗೇ ಇನ್ನೊಂದು. "ನಮ್ಮಲ್ಲೂ ಸ್ಟ್ರಾಂಗ್ ಬಿಯರ್ ಇದೆ. ಅದು ಹೀಗಿರಲ್ವಲ್ಲ?"

ಹಾಕುವುದಿಲ್ಲ. ಹಾಕುವ ಹಾಗೂ ಇಲ್ಲ. ಬಿಯರ್‌ಗೆ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಹೂವು), ನೀರು ಬಿಟ್ಟು ಬೇರೇನೂ ಬೀಳಬಾರದು ಎಂದು 1516ರಲ್ಲೇ ಬವೇರಿಯಾದ ದೊರೆಗಳು ಕಟ್ಟಳೆ ಮಾಡಿದ್ದರು. ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಲಾಗರ್ ಬಗೆಯ ಬಿಯರ್‌ಗೆ ಸಕ್ಕರೆ ಸೇರಿಸಲು ಇವತ್ತಿನ ಜರ್ಮನ್ ಕಾನೂನು ಕೂಡ ಬಿಡುವುದಿಲ್ಲ. ಡೊಪ್ಪೆಲ್‌ಬಾಕ್ ಕೂಡ ಲಾಗರೇ.

ಆದರೆ ನಿಜವಾದ ತಮಾಷೆ ಇರುವುದು ಇಲ್ಲಿ. ಸಕ್ಕರೆ ಹಾಕಿದ್ದರೆ ಈ ಬಿಯರ್ ಇಷ್ಟು ಸಿಹಿಯಾಗಿರುತ್ತಲೇ ಇರಲಿಲ್ಲ.

ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ಮನೆಯಲ್ಲಿ ರಾಗಿಗೆ ಮೊಳಕೆ ಕಟ್ಟಿ ಮಾಲ್ಟ್ ಪುಡಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳಿರುತ್ತವೆ. ಮಾಲ್ಟನ್ನು ಒಡೆದು ಬಿಸಿನೀರಲ್ಲಿ ಕಲಸಿಟ್ಟರೆ ಸಿಹಿ ರಸ ಬಿಡುತ್ತದೆ. ಮ್ಯೂನಿಕ್‌ನ ಮಾಮೂಲಿ ಹೆಲ್ಲೆಸ್ ಬಿಯರ್ ಮಾಡುವ 100 ಗ್ರಾಂ ರಸದಲ್ಲಿ ಸುಮಾರು 11-12 ಗ್ರಾಂ ಸಾರ ಕರಗಿರುತ್ತದೆ. ಡೊಪ್ಪೆಲ್‌ಬಾಕ್‌ಗೆ ಕಡಿಮೆ ಅಂದ್ರೂ 18 ಬೇಕು. ಅಂದರೆ ಅದೇ ನೀರಿಗೆ ಬಹಳ ಜಾಸ್ತಿ ಕಾಳು.

ಇನ್ನು ಯೀಸ್ಟ್. ಅದು ಚಿಕ್ಕ ಸಕ್ಕರೆಗಳನ್ನು ತಿಂದು ಮದ್ಯ ಮಾಡುತ್ತದೆ. ಡೆಕ್ಸ್‌ಟ್ರಿನ್‌ನಂಥ ಪಿಷ್ಟದ ದೊಡ್ಡ ತುಣುಕುಗಳು ಅದಕ್ಕೆ ದಕ್ಕುವುದಿಲ್ಲ. ಅವು ಹಾಗೇ ಉಳಿದು ಬಿಯರ್‌ಗೆ ಮೈ ಕೊಡುತ್ತವೆ, ಅಂದರೆ ಬಾಯಲ್ಲಿ ದಪ್ಪ ಅನ್ನಿಸುವಂತೆ ಮಾಡುತ್ತವೆ. ಭಾರತದ ಸ್ಟ್ರಾಂಗ್ ಬಿಯರ್‌ಗಳಲ್ಲಿ ಮಾಲ್ಟ್ ಜೊತೆ ಅಕ್ಕಿಯನ್ನೋ ಸಕ್ಕರೆಯನ್ನೋ ಸೇರಿಸುವುದು ಮಾಮೂಲು. ಖರ್ಚು ಕಡಿಮೆ. ಸುಮ್ನೆ ಸುರಿದ ಸಕ್ಕರೆಯನ್ನು ಯೀಸ್ಟ್ ಪೂರಾ ತಿಂದು ಮುಗಿಸುತ್ತದೆ. ಮದ್ಯ ಏರುತ್ತದೆ, ಬಾಯಿಗೆ ಮಾತ್ರ ಏನೂ ಸಿಗುವುದಿಲ್ಲ. ನಮ್ಮ ಸ್ಟ್ರಾಂಗ್ ಬಿಯರ್ ತೆಳ್ಳಗೆ, ಸ್ವಲ್ಪ ಘಾಟಾಗಿ ಅನ್ನಿಸುವುದು ಇದರಿಂದಲೇ. ಹಾಗಾಗಿ ಅದನ್ನು ಐಸ್‌ನಷ್ಟು ತಣ್ಣಗೆ ಮಾಡಿ ಕುಡಿಯುತ್ತೇವೆ. ರುಚಿ ಗೊತ್ತಾಗದಿರುವುದೇ ಅಲ್ಲಿ ಅನುಕೂಲ.

ಡೆಕ್ಸ್‌ಟ್ರಿನ್ ಅಷ್ಟೇನೂ ಸಿಹಿಯಲ್ಲ ಎಂದು ಯಾರಾದರೂ ಜಾಣರು ಕೇಳಬಹುದು. ನಿಜ. ಯೀಸ್ಟ್ ಮುಟ್ಟದೆ ಬಿಟ್ಟ ಸ್ವಲ್ಪ ಸಕ್ಕರೆ ಇರುತ್ತದೆ, ಸಿಹಿಯನ್ನು ಅಡಗಿಸುವಷ್ಟು ಹಾಪ್ಸ್ ಕಹಿ ಇರುವುದಿಲ್ಲ. ಉಳಿದದ್ದೆಲ್ಲ ಪರಿಮಳದ ಕೆಲಸ. ಇಲ್ಲಿ ಬಳಸುವ ಮ್ಯೂನಿಕ್ ಮಾಲ್ಟ್ ಒಣಗುವಾಗಲೇ ಸ್ವಲ್ಪ ಕೆಂಪಾಗಿರುತ್ತದೆ. ಹಳೇ ಪದ್ಧತಿಯವರು ಕಲಸಿದ ಮಾಲ್ಟ್‌ನ ಒಂದು ಪಾಲನ್ನು ಬೇರೆ ಹಂಡೆಗೆ ತೆಗೆದು, ಕುದಿಸಿ, ವಾಪಸ್ ಸುರಿಯುತ್ತಾರೆ. ಅಲ್ಲಿ ಇನ್ನಷ್ಟು ಕೆಂಪು, ಇನ್ನಷ್ಟು ಪರಿಮಳ. ಬ್ರೆಡ್ಡಿನ ತೊಗಟೆಗೆ ಬಣ್ಣ ಬರಿಸುವುದೂ ಇದೇ ರಸಾಯನ ಕ್ರಿಯೆ. ಮೂಗು ಸಿಹಿ ಅಂದಮೇಲೆ ನಾಲಿಗೆ ಒಪ್ಪಿಕೊಳ್ಳುತ್ತದೆ.

ಇದರ ತುದಿ ಎಲ್ಲಿದೆ ಅಂತ ನೋಡಬೇಕಾದರೆ ಉತ್ತರ ಬವೇರಿಯಾದ ಕುಲ್ಮ್‌ಬಾಕ್ ಊರಿನ ಇಕೆಯು 28 ಕುಡಿಯಬೇಕು. ಹೆಸರಿನ 28 ರಸದ ಸಾಂದ್ರತೆಯ ಲೆಕ್ಕ, ಮದ್ಯ ಶೇಕಡಾ 11. ಬಣ್ಣ ತಾಮ್ರದ್ದು, ಕಪ್ಪಲ್ಲ. ನೊರೆ ಬಂದ ಹಾಗೆ ಬಂದು ಇಳಿದುಹೋಗುತ್ತದೆ. ಗ್ಲಾಸು ತಿರುಗಿಸಿದರೆ ಒಳಗೋಡೆಗೆ ಅಂಟಿಕೊಂಡು ನಿಧಾನ ಜಾರುತ್ತದೆ. ಮೊದಲು ಜೇನು, ಕ್ಯಾರಮೆಲ್. ಆಮೇಲೆ ಒಣದ್ರಾಕ್ಷಿ. ನುಂಗಿದ ಮೇಲೆ ಗಂಟಲಲ್ಲಿ ಬೆಚ್ಚಗೆ. ತಣ್ಣಗಿದ್ದಾಗ ಇದು ಬರೀ ಸಿಹಿ ನೀರು. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು, 10-12 ಡಿಗ್ರಿಗೆ ಬಂದಮೇಲೆ ಕುಡಿದರೆ ಒಂದೊಂದೇ ವಾಸನೆ ಬಿಚ್ಚಿಕೊಳ್ಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅರ್ಧ ಗ್ಲಾಸಿನ ಮಟ್ಟಿಗೆ ಅದ್ಭುತ. ಅದರ ಮೇಲೆ ಬಾಯಿ ಅಂಟಂಟು.

ಕುಲ್ಮ್‌ಬಾಕ್‌ನವರದೇ ಇನ್ನೊಂದು ದಾರಿ ಐಸ್‌ಬಾಕ್. ಬಿಯರನ್ನು ಭಾಗಶಃ ಹೆಪ್ಪುಗಟ್ಟಿಸಿ ಮಂಜುಗಡ್ಡೆ ತೆಗೆದುಬಿಡುವುದು. ನೀರು ಹೋಗುತ್ತದೆ, ಮಿಕ್ಕಿದ್ದು ಗಟ್ಟಿಯಾಗುತ್ತದೆ. ಕೆಲಸದ ಹುಡುಗನೊಬ್ಬ ಚಳಿಗಾಲದ ರಾತ್ರಿ ಪೀಪಾಯಿಗಳನ್ನು ಹೊರಗೇ ಮರೆತದ್ದರಿಂದ ಇದು ಹುಟ್ಟಿತು ಎಂದು ಅಲ್ಲಿ ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿದೆ, ನಂಬುವುದು ನಿಮಗೆ ಬಿಟ್ಟದ್ದು.

ಮೂಲದಲ್ಲಿ ಡೊಪ್ಪೆಲ್‌ಬಾಕ್ ಉಪವಾಸದ ಬಿಯರ್ ಅಂದರೆ ಗೆಳೆಯರು ನಗುತ್ತಾರೆ. 17ನೇ ಶತಮಾನದಲ್ಲಿ ಇಟಲಿ ಮೂಲದ ಪಾವ್ಲಾನರ್ ಪಂಥದ ಸನ್ಯಾಸಿಗಳು ಮ್ಯೂನಿಕ್‌ನಲ್ಲಿ ಮಠ ಕಟ್ಟಿದರು. ಈಸ್ಟರ್‌ಗೆ ಮುಂಚಿನ 40 ದಿನ ಊಟಕ್ಕೆ ಕಟ್ಟುನಿಟ್ಟು. ಕುಡಿಯುವುದಕ್ಕೆ ತಡೆಯಿಲ್ಲ. ಹೊಟ್ಟೆಗೆ ಆಧಾರವಾಗುವಂಥ ದಪ್ಪ ಬಿಯರ್ ಕಾಯಿಸಿಕೊಂಡರು. ಆಗಿನದರಲ್ಲಿ ಸಿಹಿ ಇನ್ನೂ ಜಾಸ್ತಿ, ಮದ್ಯ ಈಗಿನದಕ್ಕಿಂತ ಕಡಿಮೆ. ಅದರ ಇವತ್ತಿನ ರೂಪ ಪಾವ್ಲಾನರ್ ಸಾಲ್ವಾಟರ್, ಮದ್ಯ ಶೇಕಡಾ 7.9. ಅದನ್ನು ನೋಡಿ ಬೇರೆಯವರೂ ತಮ್ಮ ಬಿಯರ್‌ಗೆ ‘ಆಟರ್’ ಎಂದು ಕೊನೆಯಾಗುವ ಹೆಸರಿಟ್ಟರು. ಐಯಿಂಗರ್‌ನವರ ಸೆಲೆಬ್ರೇಟರ್ ಒಂದು ಉದಾಹರಣೆ. ಅಂಗಡಿಯಲ್ಲಿ ಗುರುತು ಹಿಡಿಯಲು ಸುಲಭ.

ಕೊನೆಯಲ್ಲಿ ಎಲ್ಲರೂ ಕೇಳುವುದು "ಎಷ್ಟು ಏರುತ್ತೆ?" ಎಂದು. ಲೆಕ್ಕ ಹಾಕಿ. ಶೇಕಡಾ 11ರ 330 ಎಂಎಲ್ ಬಾಟಲಿಯಲ್ಲಿ ಸುಮಾರು 36 ಎಂಎಲ್ ಶುದ್ಧ ಮದ್ಯ. ನಮ್ಮ ಬಾರ್‌ಗಳ 30 ಎಂಎಲ್ ವಿಸ್ಕಿ ಪೆಗ್‌ನಲ್ಲಿ ಇರುವುದು ಸುಮಾರು 13. ಒಂದು ಬಾಟಲಿ ಅಂದರೆ ಹತ್ತಿರ ಹತ್ತಿರ ಮೂರು ಪೆಗ್. ಸಿಹಿ ಇರುವುದರಿಂದ ಇದು ನಾಲಿಗೆಗೆ ಗೊತ್ತಾಗುವುದಿಲ್ಲ, ಕುರ್ಚಿಯಿಂದ ಏಳುವಾಗ ಗೊತ್ತಾಗುತ್ತದೆ. ಕಾರಿನ ಕೀ ಮನೆಯಲ್ಲೇ ಇರಲಿ.

ಮೊದಲ ಸಲ ಕುಡಿಯುವವರಿಗೆ ನಾನು ಇಕೆಯು 28 ಕೊಡುವುದಿಲ್ಲ. ಮ್ಯೂನಿಕ್ ಹತ್ತಿರದ ಆಂಡೆಕ್ಸ್ ಬೆಟ್ಟದ ಮೇಲೆ ಬೆನೆಡಿಕ್ಟೈನ್ ಸನ್ಯಾಸಿಗಳ ಮಠವಿದೆ. ಅವರ ಡೊಪ್ಪೆಲ್‌ಬಾಕ್ ಡುಂಕೆಲ್ ಶೇಕಡಾ 7.1. ಸಿಹಿಯ ಹಿಂದೆಯೇ ಸ್ವಲ್ಪ ಹುರಿದ ಕಹಿ ಬಂದು ಬಾಯಿ ಚೊಕ್ಕಟ ಮಾಡುತ್ತದೆ. ಜೊತೆಗೆ ಉಪ್ಪುಪ್ಪು ಬ್ರೆಟ್ಸೆಲ್ ಬ್ರೆಡ್ ಇಲ್ಲವೇ ಹಳೇ ಚೀಸ್ ಇರಲಿ. ಸಿಹಿತಿಂಡಿ ಮಾತ್ರ ಬೇಡ.